ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್: ಬೀಗ ಹಾಕಿದ ಡ್ರೈವರ್‌ಗಳ ಜೊತೆ ಏಗುವ ಸಮಗ್ರ ಮಾರ್ಗದರ್ಶಿ

ದೇವಿಮನೆ ಘಟ್ಟದ ಮೇಲಿನ ಒಂದು ಹಳ್ಳಿಯಲ್ಲಿ ನಮ್ಮ ಭಾವನ ಮನೆ. ಮನೆಗೆ ಫೈಬರ್ ಇದೆ, ಆದರೆ ಕರೆಂಟು ಹೋದರೆ ಅದೂ ಹೋಗುತ್ತದೆ. ಆಗ ಮೊಬೈಲ್ ಸಿಗ್ನಲ್ ಬೇಕೆಂದರೆ ಕೊಟ್ಟಿಗೆ ಹಿಂದಿನ ದಿಬ್ಬ ಹತ್ತಬೇಕು. 2025ರ ಜುಲೈನ ಒಂದು ಸಂಜೆ ಕೊಡೆ ಹಿಡಿದು ದಿಬ್ಬ ಹತ್ತಿ ಫೋನ್ ಮಾಡಿದರು. "ಲಿನಕ್ಸ್ ಹಾಕ್ದಿ ಮಾರಾಯಾ. ಆದ್ರೆ ವೈ-ಫೈ ಅನ್ನದೇ ಕಾಣ್ತಿಲ್ಲೆ. ಎಂತ ಮಾಡವು ಈಗ?"

ತಪ್ಪು ನನ್ನದೇ. ಶಿರಸಿಯಿಂದ ಪೆನ್‌ಡ್ರೈವ್ ಮಾಡಿ ಕೊಟ್ಟವನು ನಾನು. ಅವರ ಲ್ಯಾಪ್‌ಟಾಪಿನಲ್ಲಿ ಯಾವ ವೈ-ಫೈ ಚಿಪ್ ಇದೆ ಎಂದು ಕೇಳಲೇ ಇಲ್ಲ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ ಎಂದು ಗೊತ್ತಾದ ಮೇಲೆ ಊರಿನ ಅರ್ಧ ಹಳೇ ಲ್ಯಾಪ್‌ಟಾಪ್‌ಗಳು ನನ್ನ ಜಗಲಿಗೆ ಬಂದು ಕೂತಿದ್ದವು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಇಂಟೆಲ್ ಆದರೆ 8ನೇ ಪೀಳಿಗೆಯಿಂದ ಈಚಿನ ಪ್ರೊಸೆಸರ್ ಇರಬೇಕು ಅನ್ನುತ್ತದೆ. ಅದಿಲ್ಲದವರಿಗೆ ವಿಂಡೋಸ್ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್ ಒಳ್ಳೇ ದಾರಿ, ಸಂಶಯವಿಲ್ಲ. ಆದರೆ ದಾರಿಯಲ್ಲಿ ಮೂರು ಗುಂಡಿಗಳಿವೆ: ವೈ-ಫೈ, ಗ್ರಾಫಿಕ್ಸ್, ಪ್ರಿಂಟರ್. ನಾನು ಬಿದ್ದ ಗುಂಡಿಗಳನ್ನೆಲ್ಲ ಇಲ್ಲಿ ಗುರುತು ಮಾಡಿದ್ದೇನೆ. ಲಿನಕ್ಸ್‌ನಲ್ಲಿ ಹಲವು ನಮೂನೆ ಇವೆ. ಹೇಳುವುದೆಲ್ಲ ಲಿನಕ್ಸ್ ಮಿಂಟ್ 22ಕ್ಕೆ, ಉಬುಂಟುಗೂ ಹೆಚ್ಚುಕಡಿಮೆ ಇದೇ. ಆಜ್ಞೆಗಳನ್ನು ಭಾವನಿಗೆ ಫೋನಿನಲ್ಲಿ ಹೇಳಿದ ಹಾಗೆ ಅಕ್ಷರ ಬಿಡಿಸಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣಕ್ಷರವೇ ಇರಲಿ.

ಮೊದಲು, ತೊಂದರೆ ಬರುವುದಾದರೂ ಯಾಕೆ

ತೋಟಕ್ಕೆ ಎರಡು ನಮೂನೆ ಪಂಪ್‌ಸೆಟ್ ಬರುತ್ತದೆ ಅಂದುಕೊಳ್ಳಿ. ಒಂದು ಸುಟ್ಟುಹೋದರೆ ಪೇಟೆಯ ಯಾವ ಅಂಗಡಿಯಲ್ಲಿ ಬೇಕಾದರೂ ಬಿಚ್ಚಿ ವೈಂಡಿಂಗ್ ಮಾಡಿಸಬಹುದು. ಇನ್ನೊಂದಕ್ಕೆ ಸೀಲ್ ಹಾಕಿದೆ, ಕಂಪನಿಯೇ ಬಿಚ್ಚಬೇಕು. ಡ್ರೈವರ್‌ಗಳಲ್ಲೂ ಹೀಗೇ ಎರಡು ಜಾತಿ.

ಡ್ರೈವರ್ ಅಂದರೆ ಆಪರೇಟಿಂಗ್ ಸಿಸ್ಟಂನ ಮಾತನ್ನು ಚಿಪ್‌ಗೆ ಅರ್ಥವಾಗುವ ಹಾಗೆ ಹೇಳುವ ತಂತ್ರಾಂಶ. ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರ್‌ಗಳು ಕರ್ನಲ್ ಎಂಬ ಅದರ ತಿರುಳಿನ ಒಳಗೇ ಇರುತ್ತವೆ, ಯಾರು ಬೇಕಾದರೂ ಓದಿ ತಿದ್ದಬಹುದಾದ ಸೋರ್ಸ್ ಕೋಡ್ ಸಮೇತ. ಅದಕ್ಕೇ ಸಿ.ಡಿ., ಸೆಟಪ್ ಫೈಲು ಯಾವುದೂ ಬೇಡ. ಕರ್ನಲ್‌ನ ಒಳಗಿನ ರಚನೆ ಆಗಾಗ ಬದಲಾಗುತ್ತಲೇ ಇರುತ್ತದೆ. ಬದಲಾಯಿಸಿದವರೇ ಒಳಗಿರುವ ಡ್ರೈವರ್‌ಗಳನ್ನೂ ಸರಿಮಾಡಿ ಹೋಗುತ್ತಾರೆ. ಹೊರಗೆ ಉಳಿದ ಮುಚ್ಚಿದ ಡ್ರೈವರ್‌ಗೆ ಆ ಭಾಗ್ಯವಿಲ್ಲ. ಅದರ ಕೋಡ್ ಕಂಪನಿಯ ಪೆಟ್ಟಿಗೆಯಲ್ಲಿದೆ. ಕರ್ನಲ್ ಮುಂದೆ ಹೋಯಿತು, ಕಂಪನಿ ಹೊಸ ಆವೃತ್ತಿ ಕೊಡಲಿಲ್ಲ ಅಂದರೆ ಮುಗಿಯಿತು. ಚಿಪ್ ಗಟ್ಟಿಮುಟ್ಟಾಗಿಯೇ ಇರುತ್ತದೆ, ಮಾತಾಡಿಸುವವರು ಇರುವುದಿಲ್ಲ.

ನಡುವೆ ಮೂರನೇ ಜಾತಿ ಒಂದಿದೆ. ಜಾಸ್ತಿ ಗೊಂದಲ ಆಗುವುದು ಅಲ್ಲೇ. ಡ್ರೈವರ್ ಮುಕ್ತ, ಆದರೆ ಚಿಪ್‌ನ ಒಳಗೆ ಓಡುವ ಫರ್ಮ್‌ವೇರ್ ಮುಚ್ಚಿದ್ದು. ಇಂಟೆಲ್ ವೈ-ಫೈ ಹೀಗೇ. ಎಎಂಡಿ ಗ್ರಾಫಿಕ್ಸ್ ಕೂಡ ಹೀಗೇ. ಆದರೂ ಇವು ನಮಗೆ ಕಾಟ ಕೊಡುವುದಿಲ್ಲ, ಯಾಕೆಂದರೆ ಆ ಫರ್ಮ್‌ವೇರ್ ಫೈಲನ್ನು ಯಾರು ಬೇಕಾದರೂ ಹಂಚಬಹುದು ಎಂದು ಕಂಪನಿಗಳು ಒಪ್ಪಿಗೆ ಕೊಟ್ಟಿವೆ. ಮಿಂಟ್, ಉಬುಂಟು ಅದನ್ನು ಜೊತೆಗೇ ಇಟ್ಟು ಕೊಡುತ್ತವೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಮಾತ್ರ ಬಹಳ ವರ್ಷ ಮಡಿಯಲ್ಲಿ ಕೂತಿತ್ತು. 2022ರಲ್ಲಿ ಮತಕ್ಕೆ ಹಾಕಿ, 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಒಳಗೇ ಮುಚ್ಚಿದ ಫರ್ಮ್‌ವೇರ್ ಸೇರಿಸಿತು. ಮಡಿ ಬಿಟ್ಟದ್ದು ತಪ್ಪು ಅನ್ನುವವರು ಇದ್ದಾರೆ. ನನ್ನ ಮಟ್ಟಿಗೆ, ವೈ-ಫೈ ಇಲ್ಲದ ಲ್ಯಾಪ್‌ಟಾಪ್ ಹಿಡಿದು ಕೂತವನಿಗೆ ಮಡಿಯ ಪಾಠ ಹೇಳಿ ಪ್ರಯೋಜನವಿಲ್ಲ.

ಹಂತ 1: ವಿಂಡೋಸ್ ಇರುವಾಗಲೇ ಚಿಪ್‌ಗಳ ಜಾತಕ ಬರೆದುಕೊಳ್ಳಿ

ಲ್ಯಾಪ್‌ಟಾಪಿನ ಮೇಲಿರುವ ಕಂಪನಿ ಹೆಸರು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಒಂದೇ ಮಾಡೆಲ್‌ನಲ್ಲಿ ಬೇರೆ ಬೇರೆ ವೈ-ಫೈ ಚಿಪ್ ಹಾಕಿರುತ್ತಾರೆ. ಚಿಪ್‌ನ ನಂಬರೇ ಬೇಕು.

ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರ್ ತೆರೆಯಿರಿ. ನೆಟ್‌ವರ್ಕ್ ಅಡಾಪ್ಟರ್ಸ್ ಬಿಡಿಸಿ ವೈ-ಫೈ ಸಾಧನದ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ಡೀಟೇಲ್ಸ್ ಟ್ಯಾಬ್‌ನಲ್ಲಿ ಹಾರ್ಡ್‌ವೇರ್ ಐಡೀಸ್ ಆರಿಸಿ. ಉದ್ದದ ಸಾಲೊಂದು ಕಾಣುತ್ತದೆ. ಅದರಲ್ಲಿ ವಿ-ಇ-ಎನ್ ಆದ ಮೇಲಿನ ನಾಲ್ಕು ಅಕ್ಷರ ತಯಾರಕರ ಗುರುತು. ಡಿ-ಇ-ವಿ ಆದ ಮೇಲಿನ ನಾಲ್ಕು ಚಿಪ್‌ನ ಗುರುತು. ಡಿಸ್‌ಪ್ಲೇ ಅಡಾಪ್ಟರ್ಸ್‌ನಲ್ಲೂ ಹೀಗೇ ನೋಡಿ. ಎರಡು ಹೆಸರಿದ್ದರೆ ಎರಡನ್ನೂ ಕಾಗದದ ಮೇಲೆ ಬರೆಯಿರಿ. ಅದೇ ಲ್ಯಾಪ್‌ಟಾಪಿನ ನೋಟ್‌ಪ್ಯಾಡ್‌ನಲ್ಲಿ ಬರೆದಿಟ್ಟು ನಂತರ ಡಿಸ್ಕ್ ಅಳಿಸಿದವರೂ ಇದ್ದಾರೆ!

ತಯಾರಕರ ನಂಬರುಗಳು ಕೆಲವೇ, ನೆನಪಿಟ್ಟುಕೊಳ್ಳಬಹುದು. 8086 ಇಂಟೆಲ್. ಅವರ ಹಳೇ ಪ್ರೊಸೆಸರ್‌ನ ಹೆಸರೇ ಇಲ್ಲಿ ನಂಬರ್ ಆಗಿದೆ ನೋಡಿ. 1002 ಎಎಂಡಿ. 10ಡಿಇ ಎನ್‌ವಿಡಿಯಾ. 14ಇ4 ಬ್ರಾಡ್‌ಕಾಮ್. 10ಇಸಿ ರಿಯಲ್‌ಟೆಕ್. ವೈ-ಫೈ, ಗ್ರಾಫಿಕ್ಸ್ ಎರಡೂ 8086 ಆಗಿದ್ದರೆ ಮುಂದಿನ ಅರ್ಧ ಲೇಖನ ನಿಮಗೆ ಬೇಡ. ಹಂತ 2 ಮುಗಿಸಿ ನೇರ ಪ್ರಿಂಟರ್ ಭಾಗಕ್ಕೆ ಹೋಗಿ.

ಹಂತ 2: ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ

ಮಿಂಟ್‌ನ ಐಎಸ್‌ಒ ಫೈಲನ್ನು ಪೆನ್‌ಡ್ರೈವ್‌ಗೆ ಬರೆಯುವುದು ಹೇಗೆ ಎಂಬುದು ಅವರ ತಾಣದಲ್ಲೇ ಇದೆ, ಇಲ್ಲಿ ಮತ್ತೆ ಬೇಡ. ಬೂಟ್ ಮಾಡುವ ಮೊದಲು ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರೆನಿದ್ದೆಯಲ್ಲಿ ಡಿಸ್ಕನ್ನು ಹಿಡಿದುಕೊಂಡೇ ಇರುತ್ತದೆ. ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಅದರ ರಿಕವರಿ ಕೀ ಬರೆದಿಡಿ. ಫೋಟೋ, ಲೆಕ್ಕಪತ್ರ ಬೇರೆ ಡಿಸ್ಕ್‌ಗೆ ಹೋಗಲಿ.

ಪೆನ್‌ಡ್ರೈವ್‌ನಿಂದ ಬೂಟ್ ಆದ ಮೇಲೆ ಅವಸರ ಮಾಡಿ ಇನ್‌ಸ್ಟಾಲ್ ಒತ್ತಬೇಡಿ. ಅರ್ಧ ಗಂಟೆ ಸುಮ್ನೆ ಬಳಸಿ ನೋಡಿ. ವೈ-ಫೈ ಹಿಡಿಯುತ್ತದಾ? ಸ್ಪೀಕರ್, ಕ್ಯಾಮೆರಾ, ಬ್ಲೂಟೂತ್? ಮುಚ್ಚಳ ಮುಚ್ಚಿ ತೆರೆದರೆ ಎಚ್ಚರ ಆಗುತ್ತದಾ? ಪ್ರಿಂಟರ್ ಚುಚ್ಚಿ ಒಂದು ಪುಟ ತೆಗೆಯಿರಿ. ಈ ಅರ್ಧ ಗಂಟೆ ಉಳಿಸಲು ಹೋಗಿಯೇ ನಮ್ಮ ಭಾವ ಮಳೆಯಲ್ಲಿ ದಿಬ್ಬ ಹತ್ತಿದ್ದು.

ಈಗ ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್ ತೆರೆದು ಎಲ್-ಎಸ್-ಪಿ-ಸಿ-ಐ ಎಂದು ಕೂಡಿಸಿ ಟೈಪ್ ಮಾಡಿ, ಒಂದು ಜಾಗ ಬಿಡಿ, ಕಿರುಗೆರೆ ಹಾಕಿ, ಅದಕ್ಕೆ ಅಂಟಿಸಿ ಎನ್-ಎನ್-ಕೆ. ಎಂಟರ್ ಒತ್ತಿ. ಒಂದೊಂದು ಚಿಪ್‌ನ ಕೆಳಗೂ ಒಂದೆರಡು ಸಾಲು ಬರುತ್ತದೆ. "ಕರ್ನಲ್ ಡ್ರೈವರ್ ಇನ್ ಯೂಸ್" ಎಂಬ ಸಾಲು ಇದ್ದರೆ ಆ ಚಿಪ್‌ಗೆ ಜೊತೆಗಾರ ಸಿಕ್ಕಿದ್ದಾನೆ. ವೈ-ಫೈ ಚಿಪ್‌ನ ಕೆಳಗೆ ಆ ಸಾಲೇ ಇಲ್ಲದಿದ್ದರೆ ಡ್ರೈವರ್ ಇಲ್ಲ. ಸಾಲು ಇದ್ದೂ ವೈ-ಫೈ ಏಳದಿದ್ದರೆ ಫರ್ಮ್‌ವೇರ್ ಮೇಲೆ ಅನುಮಾನ ಪಡಿ. ಸುಡೋ (ಎಸ್-ಯು-ಡಿ-ಒ) ಎಂದು ಬರೆದು, ಜಾಗ ಬಿಟ್ಟು ಡಿ-ಎಂ-ಇ-ಎಸ್-ಜಿ ಕೊಟ್ಟರೆ ಕರ್ನಲ್‌ನ ದಿನಚರಿ ಬರುತ್ತದೆ. ಅದರಲ್ಲಿ ಫರ್ಮ್‌ವೇರ್ ಫೈಲು ಸಿಗಲಿಲ್ಲ ಎಂಬ ದೂರು ಇದೆಯೇ ಹುಡುಕಿ.

ಹಂತ 3: ವೈ-ಫೈ, ಅಥವಾ ನೆಟ್ ಇಲ್ಲದೆ ನೆಟ್ ತರುವುದು

ಡ್ರೈವರ್ ಇಳಿಸಲು ನೆಟ್ ಬೇಕು, ನೆಟ್ ಬರಲು ಡ್ರೈವರ್ ಬೇಕು. ಇದಕ್ಕೆ ಮದ್ದು ನಿಮ್ಮ ಕಿಸೆಯಲ್ಲೇ ಇದೆ. ಆಂಡ್ರಾಯ್ಡ್ ಫೋನನ್ನು ಡೇಟಾ ಕೇಬಲ್‌ನಿಂದ ಲ್ಯಾಪ್‌ಟಾಪಿಗೆ ಚುಚ್ಚಿ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಲಿನಕ್ಸ್ ಅದನ್ನು ತಂತಿ ಜೋಡಿಸಿದ ನೆಟ್‌ವರ್ಕ್ ಎಂದೇ ತಿಳಿಯುತ್ತದೆ, ಬೇರೆ ಡ್ರೈವರ್ ಕೇಳುವುದಿಲ್ಲ. ಇನ್ನೊಂದು ಗುಟ್ಟು: ಫೋನ್ ಮನೆಯ ವೈ-ಫೈಗೆ ಸೇರಿಕೊಂಡಿದ್ದರೂ ಟೆದರಿಂಗ್ ನಡೆಯುತ್ತದೆ. ಅಂದರೆ ಫೋನ್ ವೈ-ಫೈ ಹಿಡಿದು ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಕೊಡುತ್ತದೆ. ಸಿಗ್ನಲ್ ಇಲ್ಲದ, ಆದರೆ ಫೈಬರ್ ಇರುವ ನಮ್ಮ ಘಟ್ಟದ ಮನೆಗಳಿಗೆ ಇದಕ್ಕಿಂತ ಒಳ್ಳೇ ಉಪಾಯ ಇಲ್ಲ. ಭಾವನ ಮನೆಗೆ ಕರೆಂಟು ಬಂದದ್ದು ರಾತ್ರಿ ಒಂಬತ್ತಕ್ಕೆ. ಒಂಬತ್ತೂವರೆಗೆ ವೈ-ಫೈ ಸರಿಯಾಗಿತ್ತು.

ಕೇಬಲ್ ಮಾತ್ರ ನೋಡಿಕೊಳ್ಳಿ. ಬರೀ ಚಾರ್ಜ್ ಮಾಡುವ ಅಗ್ಗದ ಕೇಬಲ್‌ನಲ್ಲಿ ಡೇಟಾ ಹರಿಯುವುದಿಲ್ಲ. ಟೆದರಿಂಗ್ ಗುಂಡಿ ಮಂಕಾಗಿಯೇ ಉಳಿಯುತ್ತದೆ.

ನೆಟ್ ಬಂದ ಮೇಲೆ ಮೆನುವಿನಲ್ಲಿ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಉಬುಂಟುನಲ್ಲಿ ಅದರ ಹೆಸರು ಅಡಿಷನಲ್ ಡ್ರೈವರ್ಸ್. ಚಿಪ್‌ಗೆ ಹೊರಗಿನ ಡ್ರೈವರ್ ಬೇಕಿದ್ದರೆ ಅದೇ ತೋರಿಸುತ್ತದೆ. ಆರಿಸಿ, ಹಾಕಿ, ರೀಸ್ಟಾರ್ಟ್ ಮಾಡಿ.

ಬ್ರಾಡ್‌ಕಾಮ್‌ಗೆ ಸ್ವಲ್ಪ ವಿವರ ಬೇಕು. ಈ ಕಂಪನಿಯ ಹಳೇ ಚಿಪ್‌ಗಳಿಗೆ ಹೊರಗಿನವರೇ ಚಿಪ್‌ನ ನಡೆ ನೋಡಿ ನೋಡಿ ಬಿ43 ಎಂಬ ಮುಕ್ತ ಡ್ರೈವರ್ ಬರೆದರು. ಆದರೆ ಫರ್ಮ್‌ವೇರ್ ಹಂಚಲು ಅನುಮತಿ ಇರಲಿಲ್ಲ. ಅದಕ್ಕೆ ಅವರು ಮಾಡಿದ ಉಪಾಯ ನೋಡಿ: ಕಂಪನಿಯ ಡ್ರೈವರ್ ಫೈಲನ್ನು ನೀವೇ ಇಳಿಸಿಕೊಳ್ಳಿ, ಅದರಿಂದ ಫರ್ಮ್‌ವೇರ್ ಕತ್ತರಿಸಿ ತೆಗೆಯುವ ಕತ್ತರಿ ನಾವು ಕೊಡುತ್ತೇವೆ. ಆ ತಂತ್ರಾಂಶದ ಹೆಸರಿನಲ್ಲೇ ಕಟರ್ ಇದೆ. 2010ರಲ್ಲಿ ಕಂಪನಿ ತಾನೇ ಒಂದು ಮುಕ್ತ ಡ್ರೈವರ್ ಬಿಟ್ಟಿತು. ಅದು ಎಲ್ಲ ಚಿಪ್‌ಗಳಿಗೂ ಆಗಲಿಲ್ಲ. ಉದಾಹರಣೆಗೆ 14ಇ4 ಜೊತೆ 4365 ಎಂದಿದ್ದರೆ ಅದು ಬಿಸಿಎಂ43142. ಅದಕ್ಕೆ ಡಬ್ಲ್ಯು-ಎಲ್ ಎಂಬ ಮುಚ್ಚಿದ ಡ್ರೈವರೇ ಬೇಕು. ಡ್ರೈವರ್ ಮ್ಯಾನೇಜರ್ ಅದನ್ನೇ ಕೊಡುತ್ತದೆ. ಕೆಲಸ ಮಾಡುತ್ತದೆ, ಆದರೆ ಮುಂದೆ ಹೇಳುವ ಕರ್ನಲ್ ಅಪ್‌ಡೇಟ್ ವಿಷಯ ಮರೆಯಬೇಡಿ.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವವರಿಗೆ ಇಂಟೆಲ್‌ನ ವೈ-ಫೈ ಕಾರ್ಡ್ ತಂದು ಬದಲಾಯಿಸುವ ದಾರಿಯೂ ಇದೆ. ಕೆಳಗಿನ ಮುಚ್ಚಳ ಬಿಚ್ಚಿದರೆ ಒಂದು ಸ್ಕ್ರೂ, ಎರಡು ಸಣ್ಣ ಆಂಟೆನಾ ತಂತಿ. ಆದರೆ ಕೆಲವು ಹಳೇ ಲ್ಯಾಪ್‌ಟಾಪ್‌ಗಳ ಬಯಾಸ್ (ಆನ್ ಮಾಡಿದ ಕೂಡಲೇ ಓಡುವ ತಂತ್ರಾಂಶ) ತನ್ನ ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಕಂಡರೆ ಬೂಟ್ ಆಗಲು ಒಪ್ಪುವುದಿಲ್ಲ. ಕಾರ್ಡ್ ತರಲು ಹುಬ್ಬಳ್ಳಿ ಬಸ್ಸು ಹತ್ತುವ ಮೊದಲು ನಿಮ್ಮ ಮಾಡೆಲ್‌ಗೆ ಆ ತಕರಾರು ಇದೆಯೇ ಹುಡುಕಿ ನೋಡಿ.

ಹಂತ 4: ನೀಲಿ ಪರದೆ ಬಂದರೆ ಹೆದರಬೇಡಿ

ಸೆಕ್ಯೂರ್ ಬೂಟ್ ಎಂಬ ಕಾವಲು ಆನ್ ಇದ್ದರೆ, ಡಿಜಿಟಲ್ ಸಹಿ ಇಲ್ಲದ ಡ್ರೈವರನ್ನು ಕರ್ನಲ್ ಒಳಗೆ ಬಿಡುವುದಿಲ್ಲ. ನಿಮ್ಮ ಯಂತ್ರದಲ್ಲೇ ತಯಾರಾಗುವ ಮುಚ್ಚಿದ ಡ್ರೈವರ್‌ಗೆ ಸಹಿ ಹಾಕಲು ನಿಮ್ಮದೇ ಒಂದು ಕೀ ಬೇಕು. ಹಾಗಾಗಿ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ಲಾಗಿನ್ ಪಾಸ್‌ವರ್ಡ್ ಅಲ್ಲ, ಈ ಒಂದು ಕೆಲಸಕ್ಕೆ ಹೊಸದು. ಬರೆದಿಟ್ಟುಕೊಳ್ಳಿ.

ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಯಾವುದಾದರೂ ಕೀ ಒತ್ತಿ ಎನ್ನುತ್ತದೆ. ಕೆಲವೇ ಸೆಕೆಂಡ್ ಕಾಯುತ್ತದೆ, ಆ ಹೊತ್ತಿಗೆ ಚಾ ಕುಡಿಯಲು ಹೋಗಬೇಡಿ. ಒತ್ತಿದ ಮೇಲೆ ಎನ್ರೋಲ್ ಎಂಒಕೆ, ಕಂಟಿನ್ಯೂ, ಯೆಸ್, ಆಮೇಲೆ ಆ ಪಾಸ್‌ವರ್ಡ್, ಕೊನೆಗೆ ರೀಬೂಟ್. ಪಾಸ್‌ವರ್ಡ್ ಟೈಪ್ ಮಾಡುವಾಗ ಪರದೆಯಲ್ಲಿ ಏನೂ ಕಾಣದಿರಬಹುದು, ಅದು ಸರಿಯೇ. ನನಗೆ ಬಂದ ದೂರುಗಳಲ್ಲಿ ಅರ್ಧಕ್ಕರ್ಧ ಈ ಪರದೆಯನ್ನು ವೈರಸ್ ಎಂದು ತಿಳಿದು ಪವರ್ ಬಟನ್ ಒತ್ತಿದವರದ್ದು. ಡ್ರೈವರ್ ಕೂತಿರುತ್ತದೆ, ಸಹಿ ಒಪ್ಪಿಗೆ ಆಗಿರುವುದಿಲ್ಲ, ವೈ-ಫೈ ಬರುವುದಿಲ್ಲ. ಹಾಗಾದರೆ ಟರ್ಮಿನಲ್‌ನಲ್ಲಿ ಸುಡೋ, ಅಪ್‌ಡೇಟ್-ಸೆಕ್ಯೂರ್‌ಬೂಟ್-ಪಾಲಿಸಿ ಆಜ್ಞೆ, ಅದರ ಮುಂದೆ ಜಾಗ ಬಿಟ್ಟು ಎರಡು ಕಿರುಗೆರೆಗೆ ಅಂಟಿಸಿ ಎನ್ರೋಲ್-ಕೀ ಎಂದು ಕೊಟ್ಟರೆ ಮತ್ತೊಮ್ಮೆ ಪಾಸ್‌ವರ್ಡ್ ಕೇಳುತ್ತದೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿದರೂ ನಡೆಯುತ್ತದೆ. ಆದರೆ ಸೋಮಾರಿತನಕ್ಕೆ ಬಾಗಿಲ ಚಿಲಕ ತೆಗೆದಿಟ್ಟ ಹಾಗೆ, ನಾನಂತೂ ಮಾಡುವುದಿಲ್ಲ.

ಹಂತ 5: ಎನ್‌ವಿಡಿಯಾ ಇದ್ದರೆ

2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾಲಯದ ಒಂದು ಸಭೆಯಲ್ಲಿ ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್, ಸಹಕಾರ ಕೊಡುವುದಿಲ್ಲ ಎಂಬ ಸಿಟ್ಟಿಗೆ ಕ್ಯಾಮೆರಾ ಕಡೆ ತಿರುಗಿ, ಗ್ರಾಫಿಕ್ಸ್ ಚಿಪ್ ಮಾಡುವ ಈ ಕಂಪನಿಗೆ ಮಧ್ಯದ ಬೆರಳು ತೋರಿಸಿದ್ದು ಎಲ್ಲರಿಗೂ ಗೊತ್ತು. ಹತ್ತು ವರ್ಷ ಕಳೆದು, 2022ರ ಮೇನಲ್ಲಿ, ಕಂಪನಿ ತನ್ನ ಕರ್ನಲ್ ಮಾಡ್ಯೂಲ್‌ಗಳ (ಡ್ರೈವರ್‌ನಲ್ಲಿ ಕರ್ನಲ್ ಜೊತೆ ಸೇರುವ ಭಾಗ) ಕೋಡ್ ಬಿಡುಗಡೆ ಮಾಡಿತು. ಸಂತೋಷವೇ. ಆದರೆ ಅದು ಟ್ಯೂರಿಂಗ್ ಎಂಬ ಪೀಳಿಗೆ ಮತ್ತು ಅದರ ನಂತರದ ಚಿಪ್‌ಗಳಿಗೆ ಮಾತ್ರ. ಚಿಪ್ ಒಳಗಿನ ಫರ್ಮ್‌ವೇರ್, ಮೇಲಿನ ಗ್ರಾಫಿಕ್ಸ್ ಲೈಬ್ರರಿಗಳು ಇನ್ನೂ ಮುಚ್ಚಿಯೇ ಇವೆ. ನಮ್ಮ ಹಳೇ ಲ್ಯಾಪ್‌ಟಾಪ್‌ಗಳಿಗೆ ಇದರಿಂದ ಏನೂ ಸಿಗಲಿಲ್ಲ.

ಮೊದಲ ಪ್ರಶ್ನೆ: ನಿಮಗೆ ಆ ಚಿಪ್ ಬೇಕೇ? ಬಹಳ ಲ್ಯಾಪ್‌ಟಾಪ್‌ಗಳಲ್ಲಿ ಇಂಟೆಲ್ ಗ್ರಾಫಿಕ್ಸ್ ಜೊತೆಗೆ ಎನ್‌ವಿಡಿಯಾ ಎರಡನೆಯದಾಗಿ ಕೂತಿರುತ್ತದೆ. ಬ್ರೌಸರ್, ವಿಡಿಯೋ, ಪಹಣಿ ತೆಗೆಯುವುದು, ಮಕ್ಕಳ ಪಾಠ, ಇಷ್ಟಕ್ಕೆ ಇಂಟೆಲ್ ಸಾಕು. ಆಗ ಮುಚ್ಚಿದ ಡ್ರೈವರ್ ಹಾಕಲೇಬೇಡಿ. ನೂವೋ ಎಂಬ ಮುಕ್ತ ಡ್ರೈವರ್ ತಾನಾಗಿಯೇ ಇರುತ್ತದೆ. ಅದು ನಿಧಾನ, ನಿಜ. ಜಿಟಿಎಕ್ಸ್ 900, 1000ರ ಸರಣಿಗಳಲ್ಲಿ ಕಂಪನಿಯ ಸಹಿ ಇರುವ ಫರ್ಮ್‌ವೇರ್ ಬೇಕಾದ್ದರಿಂದ ಚಿಪ್‌ನ ವೇಗ ಏರಿಸಲು ನೂವೋಗೆ ಕೈ ಕಟ್ಟಿದಂತಾಗಿದೆ.

ಬೇಕೇ ಬೇಕು, ವಿಡಿಯೋ ಎಡಿಟಿಂಗ್ ಇದೆ, ಬ್ಲೆಂಡರ್‌ನಂಥ 3ಡಿ ತಂತ್ರಾಂಶ ಇದೆ ಅನ್ನುವವರು ಮೊದಲು, ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು, ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ಒಂದು ಸ್ನ್ಯಾಪ್‌ಶಾಟ್ ತೆಗೆಯಿರಿ. ಆಮೇಲೆ ಡ್ರೈವರ್ ಮ್ಯಾನೇಜರ್ ಯಾವುದನ್ನು ಶಿಫಾರಸು ಮಾಡುತ್ತದೋ ಅದನ್ನೇ ಹಾಕಿ. ಕಂಪನಿಯ ತಾಣದಿಂದ ಫೈಲ್ ಇಳಿಸಿ ಹಾಕುವ ಚಪಲ ಬೇಡ. ಮುಂದಿನ ಕರ್ನಲ್ ಬಂದಾಗ ಅದನ್ನು ಸರಿಮಾಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ.

ವಯಸ್ಸಿನ ಲೆಕ್ಕವೂ ಬೇಕು. ಎನ್‌ವಿಡಿಯಾದ ಫರ್ಮಿ ಪೀಳಿಗೆಯ ಚಿಪ್‌ಗಳಿಗೆ 390ರ ಸರಣಿಯ ಡ್ರೈವರೇ ಕೊನೆ, 2022ರ ಕೊನೆಗೆ ಅದರ ಬೆಂಬಲ ನಿಂತಿತು. ಕೆಪ್ಲರ್‌ಗೆ 470 ಕೊನೆ, ಅದೂ 2024ರಲ್ಲಿ ಮುಗಿಯಿತು. ಮ್ಯಾಕ್ಸ್‌ವೆಲ್, ಪ್ಯಾಸ್ಕಲ್‌ಗೆ 580 ಕೊನೆಯದು. ಹೆಸರಿನ ನಂಬರ್ ನೋಡಿ ಮೋಸ ಹೋಗಬೇಡಿ. ಜಿಫೋರ್ಸ್ 820ಎಂ ಕೇಳಲು ಹೊಸದರಂತೆ ಇದೆ, ಒಳಗಿರುವುದು ಫರ್ಮಿ. ಅಂಥದಕ್ಕೆ ನೂವೋ ಬಿಟ್ಟು ಬೇರೆ ಯೋಚನೆ ಮಾಡಬೇಡಿ.

ಡ್ರೈವರ್ ಹಾಕಿದ ಮೇಲೆ ಪರದೆ ಕಪ್ಪಾದರೆ ಹೀಗೆ ಮಾಡಿ. ಆನ್ ಮಾಡುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ, ಯಾವುದನ್ನು ಬೂಟ್ ಮಾಡಬೇಕೆಂದು ಆರಿಸುವ ಗ್ರಬ್ ಮೆನು ತರಿಸಿ. ಮೊದಲ ಸಾಲಿನ ಮೇಲೆ ಇ ಒತ್ತಿ. ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ಹೋಗಿ, ಜಾಗ ಬಿಟ್ಟು ನೋಮೋಡ್‌ಸೆಟ್ (ಎನ್-ಒ-ಎಂ-ಒ-ಡಿ-ಇ-ಎಸ್-ಇ-ಟಿ, ಕೂಡಿಸಿ) ಎಂದು ಸೇರಿಸಿ, ಎಫ್10 ಒತ್ತಿ. ಪರದೆ ದೊಡ್ಡ ದೊಡ್ಡದಾಗಿ, ಒರಟಾಗಿ ಬರುತ್ತದೆ, ಆದರೆ ಬರುತ್ತದೆ. ಒಳಗೆ ಹೋಗಿ ಟೈಮ್‌ಶಿಫ್ಟ್‌ನಿಂದ ಹಿಂದಕ್ಕೆ ಹೋಗಿ. ಈ ಬದಲಾವಣೆ ಆ ಒಂದು ಸಲಕ್ಕೆ ಮಾತ್ರ, ಹಾಳಾಗುವಂಥದ್ದು ಏನೂ ಇಲ್ಲ.

ಹಂತ 6: ಪ್ರಿಂಟರ್

ಮುಕ್ತ ತಂತ್ರಾಂಶದ ಕಥೆ ಶುರುವಾದದ್ದೇ ಪ್ರಿಂಟರ್‌ನಿಂದ ಅನ್ನಬಹುದು. 1980ರ ಸುಮಾರಿಗೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್‌ನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗ ಎಲ್ಲರ ಕಂಪ್ಯೂಟರಿಗೂ ಸುದ್ದಿ ಹೋಗುವ ಹಾಗೆ ಮಾಡಬೇಕು ಎಂದು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅದರ ಸೋರ್ಸ್ ಕೋಡ್ ಕೇಳಿದರು. ಸಿಗಲಿಲ್ಲ. 1983ರಲ್ಲಿ ಅವರು ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಪ್ರಕಟಿಸಿದರು. ಅದಕ್ಕೆ ಕಾರಣವಾದ ಸಂಗತಿಗಳಲ್ಲಿ ಈ ಪ್ರಿಂಟರ್‌ನ ಕಥೆಯನ್ನು ಅವರೇ ಹೇಳುತ್ತಾರೆ.

ಈಚಿನ ವೈ-ಫೈ ಪ್ರಿಂಟರ್‌ಗಳು ಸುಲಭ. ಏರ್‌ಪ್ರಿಂಟ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಲಿನಕ್ಸ್‌ಗೂ ಸಾಮಾನ್ಯವಾಗಿ ಡ್ರೈವರ್ ಬೇಡ. ಕಷ್ಟ ಕೊಡುವುದು ಝೆರಾಕ್ಸ್ ಅಂಗಡಿ, ಸೊಸೈಟಿಗಳ ಮೇಜಿನ ಮೇಲೆ ವರ್ಷಗಟ್ಟಲೆ ದುಡಿಯುವ ಚಿಕ್ಕ ಲೇಸರ್ ಪ್ರಿಂಟರ್‌ಗಳು. ಎಚ್‌ಪಿ ಲೇಸರ್‌ಜೆಟ್ 1020ಕ್ಕೆ ತನ್ನ ಫರ್ಮ್‌ವೇರ್ ನೆನಪಿಟ್ಟುಕೊಳ್ಳುವ ಜಾಗವೇ ಇಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರ್ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು. ಮಳೆಗಾಲದಲ್ಲಿ ದಿನಕ್ಕೆ ಆರು ಸಲ ಕರೆಂಟು ಹೋಗುವ ನಮ್ಮಲ್ಲಿ ಆರು ಸಲವೂ ಅದು ಎಲ್ಲ ಮರೆತು ಏಳುತ್ತದೆ. ಪರಿಹಾರ ಇಷ್ಟೆ: ಟರ್ಮಿನಲ್‌ನಲ್ಲಿ ಎಚ್‌ಪಿ ಕಿರುಗೆರೆ ಪ್ಲಗಿನ್ ಎಂದು ಕೊಡಿ. ಎಚ್‌ಪ್ಲಿಪ್ ಎಂಬ ತಂತ್ರಾಂಶ ಕಂಪನಿಯ ಮುಚ್ಚಿದ ಪ್ಲಗಿನ್ ಇಳಿಸಿಕೊಂಡು, ಮುಂದೆ ತಾನೇ ಫರ್ಮ್‌ವೇರ್ ಕಳಿಸುತ್ತದೆ. ಎಚ್‌ಪ್ಲಿಪ್ ಹೊಸ ಆವೃತ್ತಿಗೆ ಹೋದರೆ ಪ್ಲಗಿನ್ ಕೂಡ ಅದೇ ಆವೃತ್ತಿಯದ್ದಾಗಬೇಕು, ಅಂದರೆ ಇದೇ ಆಜ್ಞೆ ಇನ್ನೊಮ್ಮೆ.

ಕ್ಯಾನನ್ ಎಲ್‌ಬಿಪಿ 2900 ಇನ್ನೂ ಹಠಮಾರಿ. ಅದು ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆಯಲ್ಲಿ ಮಾತಾಡುತ್ತದೆ. ಕಂಪನಿಯ ಲಿನಕ್ಸ್ ಡ್ರೈವರ್ ಇದೆ, ಆದರೆ ಅದರ ಕೆಲವು ಭಾಗ ಹಳೇ 32 ಬಿಟ್‌ನದ್ದು, ಅದಕ್ಕೆ ಬೇಕಾದ ಲೈಬ್ರರಿ ಸೇರಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತದೆ. ಹೊರಗಿನವರು ಬರೆದ ಮುಕ್ತ ಡ್ರೈವರೂ ಇದೆ. ದಿನಾ ನೂರು ಪುಟ ತೆಗೆಯುವ ಅಂಗಡಿಯವರಿಗೆ ಎರಡನ್ನೂ ನಾನು ಹೇಳುವುದಿಲ್ಲ. ಆ ಒಂದು ಕಂಪ್ಯೂಟರ್ ವಿಂಡೋಸ್‌ನಲ್ಲೇ ಇರಲಿ.

ಹಂತ 7: ಕರ್ನಲ್ ಅಪ್‌ಡೇಟ್ ಬಂದ ದಿನ

ಮುಚ್ಚಿದ ಡ್ರೈವರ್ ಹಾಕಿದವರಿಗೆ ಮಾತ್ರ ಈ ಹಂತ. ಹೊಸ ಕರ್ನಲ್ ಬಂದಾಗ ಡಿಕೆಎಂಎಸ್ ಎಂಬ ವ್ಯವಸ್ಥೆ ಡ್ರೈವರನ್ನು ಅದಕ್ಕೆ ತಕ್ಕ ಹಾಗೆ ಮತ್ತೆ ಕಟ್ಟುತ್ತದೆ. ಡ್ರೈವರ್ ಹಳೆಯದಾಗಿ ಕಟ್ಟಲು ಬಾರದಿದ್ದರೆ, ಬೆಳಿಗ್ಗೆ ಎದ್ದಾಗ ವೈ-ಫೈ ಇರುವುದಿಲ್ಲ. ಗಾಬರಿ ಬೇಡ. ಗ್ರಬ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್‌ಗೆ ಹೋಗಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿ. ಅದಕ್ಕೇ, ಜಾಗ ಉಳಿಸಲು ಹೋಗಿ ಹಳೇ ಕರ್ನಲ್‌ಗಳನ್ನು ಪೂರ್ತಿ ಅಳಿಸಬೇಡಿ, ಒಂದಾದರೂ ಇರಲಿ. ಮುಖ್ಯ ಕೆಲಸದ ಹಿಂದಿನ ದಿನ ಅಪ್‌ಡೇಟ್ ಮಾಡಬೇಡಿ. ಮಗಳ ಕಾಲೇಜಿನ ಅರ್ಜಿಗೆ ಕೊನೇ ದಿನ ಇರುವಾಗ ಅಪ್‌ಡೇಟ್ ಒತ್ತಿದವರೊಬ್ಬರು ಕಾರವಾರದಿಂದ ಫೋನ್ ಮಾಡಿದ್ದರು. ಹಿಂದಿನ ಕರ್ನಲ್ ಇತ್ತು, ಬಚಾವಾದರು.

ಲಿನಕ್ಸ್ ಬೇಡ ಎಂದು ನಾನೇ ಹೇಳುವ ಜಾಗ

ಟ್ಯಾಲಿ ವಿಂಡೋಸ್‌ಗಾಗಿ ಮಾಡಿದ ತಂತ್ರಾಂಶ. ಅದರಲ್ಲೇ ಲೆಕ್ಕ ಇಡುವ ಸೊಸೈಟಿಗೆ ಲಿನಕ್ಸ್ ಹಾಕಿ ಬೈಸಿಕೊಳ್ಳಬೇಡಿ. ಆಧಾರ್ ಬೆರಳಚ್ಚು ಯಂತ್ರ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಆಯಾ ಕಂಪನಿಯ ಲಿನಕ್ಸ್ ಡ್ರೈವರ್ ಇದೆಯೇ ಎಂದು ಮೊದಲೇ ಕೇಳಿ. ಹಾಕಿದ ಮೇಲೆ ಕೇಳಿ ಉಪಯೋಗವಿಲ್ಲ.

ಲ್ಯಾಪ್‌ಟಾಪಿನಲ್ಲೇ ಇರುವ ಬೆರಳಚ್ಚು ಗುಂಡಿಗಳದ್ದೂ ಇದೇ ಪಾಡು. ಕೆಲವಕ್ಕೆ ಮುಕ್ತ ಡ್ರೈವರ್ ಇದೆ, ಬಹಳಷ್ಟಕ್ಕೆ ಇಲ್ಲ. ಭಾವನ ಲ್ಯಾಪ್‌ಟಾಪಿನ ಗುಂಡಿ ಇವತ್ತಿಗೂ ಸತ್ತೇ ಬಿದ್ದಿದೆ. ನಾನು ಎರಡು ಸಂಜೆ ಕೂತು ಸೋತೆ. ಹೇಳಿದರೆ ನಕ್ಕುಬಿಟ್ಟರು. ಅಡಿಕೆ ಸುಲಿದು ಕಪ್ಪಾದ ಅವರ ಬೆರಳನ್ನು ವಿಂಡೋಸ್ ಇದ್ದಾಗಲೂ ಅದು ಗುರುತು ಹಿಡಿಯುತ್ತಿರಲಿಲ್ಲವಂತೆ.